ಪ್ರೀತಿಯನ್ನು ಯಾರೂ ತುರುಕಿಲ್ಲ

ನಿನ್ನೆ ಓದಿನ ಗುಂಪಿನಿಂದ ಎದ್ದು ಬಂದವಳಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮ್ಯಾಡಲಿನ್ ಮಿಲ್ಲರ್ ಅವರ 'ದ ಸಾಂಗ್ ಆಫ್ ಅಕಿಲೀಸ್' ಕಾದಂಬರಿಯ ಬಗ್ಗೆ ಮಾತು ನಡೆದಿತ್ತು. ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸ್ ಮತ್ತು ಅವನ ಗೆಳೆಯ ಪೆಟ್ರೋಕ್ಲಸ್ ಅದರಲ್ಲಿ ಪ್ರೇಮಿಗಳು. ಒಬ್ಬರು ಪುಸ್ತಕ ಮುಚ್ಚಿ, "ಯುದ್ಧದ ಕಥೆಗೆ ಈಗಿನವರು ಪ್ರೀತಿ ತುರುಕಿದ್ದಾರೆ, ಅಷ್ಟೇ" ಅಂದರು. ನಾಲ್ಕು ಜನ ತಲೆಯಾಡಿಸಿದರು. ಸಿಟ್ಟಿನಲ್ಲಿ ನನಗೆ ಬಾಯೇ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ತುರುಕಿದ್ದಾರಾ? ಆ ಯುದ್ಧದ ಕಥೆ ಹೇಳುವ ಹೋಮರ್‌ನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 11ನೇ ಭಾಗ ತೆಗೆದು ನೋಡಿ. ಅಕಿಲೀಸ್ ಮುನಿಸಿಕೊಂಡು ಯುದ್ಧ ಬಿಟ್ಟು ಕೂತಿದ್ದಾನೆ. ಗಾಯವಾದದ್ದು ಯಾರಿಗೆ, ನೋಡಿಕೊಂಡು ಬಾ ಎಂದು ಪೆಟ್ರೋಕ್ಲಸ್‌ನನ್ನು ಕಳಿಸುತ್ತಾನೆ. ವಾಪಸ್ ಓಡಿ ಬರುವಾಗ ಅವರದೇ ಕಡೆಯ ಯೋಧ ಯೂರಿಪೈಲಸ್ ಕುಂಟುತ್ತಾ ಎದುರಾಗುತ್ತಾನೆ. ತೊಡೆಯಲ್ಲಿ ಬಾಣ. ಪೆಟ್ರೋಕ್ಲಸ್‌ಗೆ ಅರ್ಜೆಂಟಿದೆ, ಆದರೂ ನಿಲ್ಲುತ್ತಾನೆ. ಅವನನ್ನು ಮಲಗಿಸಿ, ಚಾಕುವಿನಿಂದ ಬಾಣ ಕೊಯ್ದು ತೆಗೆದು, ಕಪ್ಪು ರಕ್ತವನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಕಹಿ ಬೇರೊಂದನ್ನು ಕೈಯಲ್ಲೇ ಉಜ್ಜಿ ಗಾಯಕ್ಕೆ ಹಚ್ಚುತ್ತಾನೆ. ಇದನ್ನು ಹಾಡಿದ್ದು ಹೋಮರ್. ಮಿಲ್ಲರ್ ಆ ಕೈಗಳನ್ನು ಗಮನಿಸಿದರು. 2011ರ ಅವರ ಕಾದಂಬರಿಯಲ್ಲಿ ಕಥೆ ಹೇಳುವವನೇ ಪೆಟ್ರೋಕ್ಲಸ್. ಕೊಲ್ಲುವುದಕ್ಕಿಂತ ಗಾಯ ಕಟ್ಟುವುದರಲ್ಲೇ ಅವನ ಮನಸ್ಸು.

"ಅಕಿಲೀಸ್, ಪೆಟ್ರೋಕ್ಲಸ್ ಪ್ರೇಮಿಗಳು ಅಂತ ಹೋಮರ್ ಎಲ್ಲೂ ಹೇಳಿಲ್ಲವಲ್ಲ?" ಅಂತ ನೀವು ಕೇಳಬಹುದು. ನಿಜ, ಹೇಳಿಲ್ಲ. ಆದರೆ ಗ್ರೀಕ್ ತತ್ವಜ್ಞಾನಿ ಪ್ಲೇಟೋನ 'ಸಿಂಪೋಸಿಯಂ' ಕೃತಿಯಲ್ಲಿ ಅವರನ್ನು ಪ್ರೇಮಿಗಳೆಂದೇ ಮಾತಾಡುತ್ತಾರೆ. ಅದಾಗಿ 2,300 ವರ್ಷಕ್ಕೂ ಜಾಸ್ತಿ ಆಯಿತು. ಈಗಿನವರು ಅಂದರೆ ಯಾರು ಹಾಗಾದರೆ? ಇನ್ನು ಇಲಿಯಡ್‌ನ 23ನೇ ಭಾಗ. ಸತ್ತ ಪೆಟ್ರೋಕ್ಲಸ್ ಕನಸಿನಲ್ಲಿ ಬಂದು, ನಮ್ಮಿಬ್ಬರ ಮೂಳೆ ಬೇರೆ ಬೇರೆ ಇಡಬೇಡ ಅಂತ ಕೇಳುತ್ತಾನೆ. ಅಕಿಲೀಸ್ ತಬ್ಬಿಕೊಳ್ಳಲು ಕೈ ಚಾಚುತ್ತಾನೆ. ಪೆಟ್ರೋಕ್ಲಸ್ ಹೊಗೆಯ ಹಾಗೆ ಜಾರಿ ಹೋಗುತ್ತಾನೆ. ಇಷ್ಟಾದ ಮೇಲೂ ಆ ಪದ ಬೇಕೇ ಬೇಕಾ?

ಅಮ್ಮನ ಸಕ್ಕರೆ ಕಾಯಿಲೆ ನಿಮಗೆಲ್ಲ ಗೊತ್ತು. ಕಾಲಿನ ಗಾಯ ಎಂಟು ತಿಂಗಳು ಆರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು, ಆ ಕಾಲನ್ನು ತೊಡೆ ಮೇಲಿಟ್ಟುಕೊಂಡು, ಅಂಟಿಕೊಂಡ ಬ್ಯಾಂಡೇಜಿಗೆ ನೀರು ಚಿಮುಕಿಸಿ ಒಂದೊಂದೇ ಸುತ್ತು ಬಿಚ್ಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಆ ವಾಸನೆಗೆ ಒಳಗೆ ಹೋಗಲು ನನ್ನಿಂದ ಆಗಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅವರಿಬ್ಬರ ಬಾಯಲ್ಲಿ ಪ್ರೀತಿ ಅನ್ನುವ ಪದವನ್ನು ನಾನು ಒಂದು ದಿನವೂ ಕೇಳಿಲ್ಲ.

ಮುಂದಿನ ಭಾನುವಾರ ಗುಂಪಿನಲ್ಲಿ ಯೂರಿಪೈಲಸ್‌ನ ಆ ಸಾಲುಗಳನ್ನು ನಾನೇ ಜೋರಾಗಿ ಓದುತ್ತೇನೆ. ಕೇಳಿಸಿಕೊಂಡ ಮೇಲೆ ಹೇಳಲಿ, ತುರುಕಿದ್ದು ಯಾರು ಅಂತ.