ಒತ್ತಕ್ಷರಕ್ಕೂ ಜಾಗ ಬಿಡಿ

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಕಲಿತದ್ದು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಒಂದು ಕಾಲಕ್ಕೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಅಜ್ಜಾರೊಬ್ಬರು ಅಲ್ಲಿದ್ದರು. ನಾನು ಮದುವೆ ಕಾರ್ಡ್ ಮಾಡುವಾಗ ಹಿಂದೆ ಬಂದು ನಿಲ್ಲುತ್ತಿದ್ದರು. ‘ತಮ್ಮಾ, ಬರೇ ಅಕ್ಷರ ನೋಡಬ್ಯಾಡ. ನಡುವಿನ ಖಾಲಿ ಜಾಗಾನೂ ನೋಡು’ ಅನ್ನುತ್ತಿದ್ದರು.

ಆ ಮಾತು ಪೂರಾ ತಿಳಿದದ್ದು ಹೆಲ್ವೆಟಿಕಾ ಅನ್ನೋ ಇಂಗ್ಲಿಷ್ ಫಾಂಟನ್ನು ದೊಡ್ಡದು ಮಾಡಿ ನೋಡಿದಾಗ. ಅದೂ ಹುಟ್ಟಿದ್ದು ಸೀಸದ ಮೊಳೆಯಾಗಿಯೇ. 1957ರಲ್ಲಿ, ಸ್ವಿಟ್ಜರ್ಲೆಂಡಿನ ಹಾಸ್ ಅನ್ನೋ ಅಚ್ಚುಮೊಳೆ ಕಂಪನಿಯಲ್ಲಿ. ಎಡ್ವರ್ಡ್ ಹಾಫ್‌ಮನ್ ಹೇಳಿ ಮಾಡಿಸಿದರು, ಮ್ಯಾಕ್ಸ್ ಮೀಡಿಂಗರ್ ಬರೆದರು. ಆಗ ಹೆಸರು ನೊಯೆ ಹಾಸ್ ಗ್ರೊಟೆಸ್ಕ್. 1960ರಲ್ಲಿ ಹೆಲ್ವೆಟಿಕಾ ಆಯಿತು. ಸ್ವಿಟ್ಜರ್ಲೆಂಡಿನ ಲ್ಯಾಟಿನ್ ಹೆಸರು ಹೆಲ್ವೇಷಿಯಾ, ಅದರಿಂದ ಬಂದದ್ದು.

ಗೆರೆಗೆ ಬಾಲ ಇಲ್ಲ, ದಪ್ಪ ಹೆಚ್ಚುಕಡಿಮೆ ಒಂದೇ ಸಮ. ಇಂಗ್ಲಿಷಿನ ‘ಸಿ’, ‘ಎಸ್’ ತುದಿಗಳನ್ನು ನೋಡಿ. ನೆಲಕ್ಕೆ ಸಮನಾಗಿ ಕತ್ತರಿಸಿದ್ದಾರೆ. ಒಳಗಿನ ಬಿಳಿ ಜಾಗ ಗಟ್ಟಿಯಾಗಿ ನಿಲ್ಲುತ್ತದೆ. 1982ರ ಏರಿಯಲ್ ಫಾಂಟಿನಲ್ಲಿ ಅದೇ ತುದಿ ಓರೆ. ಅಕ್ಷರಗಳ ಅಗಲ ಮಾತ್ರ ಹೆಲ್ವೆಟಿಕಾದಷ್ಟೇ. ಅದಕ್ಕೇ ಬಹಳ ಜನ ಎರಡೂ ಒಂದೇ ಅಂದುಕೊಂಡಿರುತ್ತಾರೆ.

ಹೆಲ್ವೆಟಿಕಾದ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೂ ಚೆಂದ. ಅದನ್ನು ನೋಡಿ ಕನ್ನಡವನ್ನೂ ಹಾಗೇ ಒತ್ತಿ ಕೂರಿಸುತ್ತೇವೆ. ಅಲ್ಲೇ ತಪ್ಪಾಗೋದು. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳ ಕೆಳಗೆ ಹೆಚ್ಚುಕಡಿಮೆ ಏನೂ ಇರೋದಿಲ್ಲ. ನಮ್ಮ ‘ಹುಬ್ಬಳ್ಳಿ’ ಬರೆದು ನೋಡಿ. ಕೆಳಗೆ ಎರಡು ಒತ್ತು, ಮೇಲೆ ತಲೆಕಟ್ಟು, ಗುಡಿಸು. ನಮ್ಮದು ಮೂರಂತಸ್ತಿನ ಅಕ್ಷರ.

ಹೋದ ವರ್ಷ ಒಂದು ಕಿರಾಣಿ ಅಂಗಡಿಗೆ ನಾನೇ ಫ್ಲೆಕ್ಸ್ ಮಾಡಿಕೊಟ್ಟೆ. ಹೆಸರು ಇನ್ನೂ ದೊಡ್ಡದಾಗಿ ಕಾಣಲಿ ಅಂದರು. ಸಾಲಿನ ನಡುವಿನ ಜಾಗ ತಿಂದೆ. ಸಾಲದ್ದಕ್ಕೆ ಡಿಸೈನ್ ಮಾಡುವ ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಅಕ್ಷರಗಳನ್ನು ಅಡ್ಡಡ್ಡ ಎಳೆದೆ. ನಿಂತ ಗೆರೆ ದಪ್ಪ ಆಯಿತು, ಮಲಗಿದ ಗೆರೆ ಇದ್ದಷ್ಟೇ ಉಳಿಯಿತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡಿತ್ತು. ಫ್ಲೆಕ್ಸ್ ಕಟ್ಟಿದ ಮೇಲೆ ರಸ್ತೆಯ ಆಚೆಯಿಂದ ನೋಡಿದೆ. ಅಕ್ಷರ ದೊಡ್ಡದೇ ಇತ್ತು, ಆದರೆ ಓದೋಕೆ ಆಗುತ್ತಿರಲಿಲ್ಲ. ತುಂಬಾ ಬೇಜಾರಾಯಿತು.

ಒಂದೇ ದಪ್ಪದ ಗೆರೆ ನಮ್ಮ ಲಿಪಿಗೂ ಚೆನ್ನಾಗಿ ಒಗ್ಗುತ್ತದೆ. ನೊಟೊ ಸಾನ್ಸ್ ಕನ್ನಡ ಇದೆ, ಅನೇಕ್ ಕನ್ನಡ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಅನ್ನೋ ಹೆಸರಿನ ಫಾಂಟೇ ಇದೆ, ನಮ್ಮೂರಿನ ಹೆಸರು! ಎಲ್ಲಾ ಪುಕ್ಕಟೆ. ಅನೇಕ್‌ನಲ್ಲಿ ಅಗಲದ್ದು, ಕಿರಿದು ಬೇರೆ ಬೇರೆ ಮಾಡಿಯೇ ಇಟ್ಟಿದ್ದಾರೆ, ಸುಮ್ನೆ ಎಳೆಯೋ ಕೆಲಸವೇ ಇಲ್ಲ.

ಆ ಫ್ಲೆಕ್ಸನ್ನು ನನ್ನ ಖರ್ಚಿನಲ್ಲೇ ಮತ್ತೆ ಮಾಡಿಸಿದೆ. ಅಕ್ಷರ ಸಣ್ಣದು ಮಾಡಿ, ಸಾಲಿನ ನಡುವೆ ಒಂದು ಬೆರಳಲ್ಲ, ಒಂದು ಗೇಣು ಜಾಗ ಬಿಟ್ಟೆ. ಈಗ ಆಚೆ ರಸ್ತೆಯಿಂದಲೂ ಒತ್ತು ಸಮೇತ ಓದಬಹುದು.