ಬಾಗಿಲ ಮುಂದಿನ ಚಪ್ಪಲಿ

ಮೊನ್ನೆ ಸಂಜೆ ದಾವಣಗೆರೆಯಲ್ಲಿ ಗೆಳೆಯನ ಜೊತೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ನಿಂತಿದ್ದೆ. ನಾನು ಬರೆದ ಒಂದು ದೆವ್ವದ ಕಥೆ ಓದಿಕೊಂಡು ಬಂದಿದ್ದ. ಮುಖ ಹುಳ್ಳಗೆ ಮಾಡಿಕೊಂಡು, "ಲೇ, ದೆವ್ವದ ಕಥೆ ಓದೋದು ಒಂಚೂರು ಹೆದರ್ಕೊಂಡು ಮಲಗೋಕೆ. ಅದ್ರಲ್ಲೂ ಮಕ್ಕಳಿಗೆ ಹೊಡೆಯೋದು ಬಡಿಯೋದು ಯಾಕೋ?" ಅಂದ. ಬಾಯಲ್ಲಿ ಮಿರ್ಚಿ ಇತ್ತು, ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಕೊಡುತ್ತೇನೆ.

ಚಿಕ್ಕವನಿದ್ದಾಗ ನಾವು ಮಂಡಕ್ಕಿ ಭಟ್ಟಿಯ ಹೊಗೆ ಬರುವಷ್ಟು ಹತ್ತಿರದ ಓಣಿಯೊಂದರಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಹುಡುಗ. ಕತ್ತಲಾದರೂ ಒಳಗೆ ಹೋಗುತ್ತಿರಲಿಲ್ಲ. ಕಟ್ಟೆ ಮೇಲೆ ಕೂತು ಬಾಗಿಲ ಮುಂದಿನ ಚಪ್ಪಲಿಗಳನ್ನೇ ನೋಡುತ್ತಿದ್ದ. ರಾತ್ರಿ ನಿದ್ದೆಯಲ್ಲಿ ಚೀರುತ್ತಿದ್ದ. ಓಣಿಯ ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿದರು: ಮೂಲೆಯ ಹುಣಸೆಮರದ ಗಾಳಿ ಸೋಕಿದೆ. ತಾಯತ ಕಟ್ಟಿಸಿದರು. ನಿಂಬೆಹಣ್ಣು ಇಳಿಸಿದರು. ಒಂದು ಅಮಾವಾಸ್ಯೆಗೆ ಕೋಳಿಯೂ ಹೋಯಿತು.

ಅವನ ಚಿಕ್ಕಪ್ಪನ ಬೆಲ್ಟಿನ ಸದ್ದು ಗೋಡೆ ದಾಟಿ ನಮಗೂ ಕೇಳುತ್ತಿತ್ತು. ಕೇಳಿದಾಗ ನಮ್ಮ ಮನೆಯಲ್ಲಿ ಟೀವಿ ಸೌಂಡ್ ಜಾಸ್ತಿ ಆಗುತ್ತಿತ್ತು. ಆಗೆಲ್ಲ ರಿಮೋಟ್ ಎಲ್ಲಿತ್ತು? ಎದ್ದು ಹೋಗಿ ಗುಂಡಿ ತಿರುಗಿಸುತ್ತಿದ್ದವನು ನಾನೇ.

ಹುಣಸೆಮರದಲ್ಲಿ ದೆವ್ವ ಇದೆ ಅಂದರೆ ಓಣಿಗೆ ಓಣಿಯೇ ನಂಬುತ್ತದೆ. ಚಿಕ್ಕಪ್ಪ ಹೊಡೀತಾನೆ ಅಂದರೆ, "ಹುಡುಗ್ರು ಅಂದ್ಮೇಲೆ ಏಟು ಬೀಳದೇ ಇರುತ್ತಾ" ಅಂತ ಮಾತು ಮುಗಿಯುತ್ತದೆ. ಮಕ್ಕಳನ್ನು ಮಲಗಿಸುವಾಗ ನಾವು ಹೆದರಿಸುವ ಗುಮ್ಮನೂ ಹೊರಗಿನಿಂದಲೇ ಬರುವವನು. ಒಳಗೇ ಊಟಕ್ಕೆ ಕೂತವನಿಗೆ ನಾವು ಹೆಸರಿಟ್ಟಿಲ್ಲ.

ಇಂಗ್ಲಿಷ್ ಕಾದಂಬರಿಕಾರ ಹೆನ್ರಿ ಜೇಮ್ಸ್ 1898ರಲ್ಲಿ 'ದ ಟರ್ನ್ ಆಫ್ ದ ಸ್ಕ್ರೂ' ಅನ್ನುವ ದೆವ್ವದ ಕಥೆ ಬರೆದ. ಅಪ್ಪ ಅಮ್ಮ ಇಲ್ಲದ ಎರಡು ಮಕ್ಕಳು, ಹಳ್ಳಿಗಾಡಿನ ದೊಡ್ಡ ಬಂಗಲೆ, ನೋಡಿಕೊಳ್ಳಲು ಬಂದ ಒಬ್ಬ ಯುವತಿ. ಅವಳಿಗೆ ಕಾಣುವ ದೆವ್ವಗಳು ನಿಜವೋ ಭ್ರಮೆಯೋ ಅಂತ ನೂರು ವರ್ಷದಿಂದ ಜಗಳ ನಡೆದಿದೆ. ನನ್ನನ್ನು ಹೆದರಿಸಿದ್ದು ಆ ದೆವ್ವಗಳಲ್ಲ, ಅವಳನ್ನು ಕೆಲಸಕ್ಕೆ ಇಟ್ಟುಕೊಂಡ ಮಕ್ಕಳ ದೊಡ್ಡಪ್ಪನೋ ಚಿಕ್ಕಪ್ಪನೋ. ಅವನು ಹಾಕಿದ್ದು ಒಂದೇ ಷರತ್ತು: ಏನೇ ಆದರೂ ನನಗೆ ತೊಂದರೆ ಕೊಡಬಾರದು. ಕೈ ಎತ್ತಲಿಲ್ಲ, ಬೈಯಲಿಲ್ಲ. ಸುಮ್ನೆ ಲಂಡನ್ನಿನಲ್ಲಿದ್ದ.

ಸ್ಟೀಫನ್ ಕಿಂಗ್‌ನ 'ದಿ ಶೈನಿಂಗ್' ಕಾದಂಬರಿ 1977ರದು. ಅದರಲ್ಲಿ ಹೋಟೆಲ್ ತುಂಬಾ ಪ್ರೇತಗಳಿವೆ. ಆದರೆ ಆ ಕುಟುಂಬ ಹೋಟೆಲಿಗೆ ಹೋಗುವ ಮೊದಲೇ, ಕುಡಿದ ಅಪ್ಪ ಪುಟ್ಟ ಮಗನ ಕೈ ಮುರಿದಾಗಿತ್ತು. ಪ್ರೇತಗಳು ಬಂದದ್ದು ಆಮೇಲೆ.

ಗೆಳೆಯನ ಮಾತಲ್ಲೂ ನಿಜ ಇದೆ. ಮಗುವಿನ ನೋವನ್ನು ಬರೀ ಒಗ್ಗರಣೆಯಂತೆ ಬಳಸುವ ಕಥೆಗಳೇ ಜಾಸ್ತಿ. ಮಗುವನ್ನು ಕೊಲ್ಲುತ್ತಾರೆ, ಬಿಳಿ ಫ್ರಾಕ್ ಹಾಕಿಸುತ್ತಾರೆ, ಗೆಜ್ಜೆ ಸದ್ದು ಕೇಳಿಸುತ್ತಾರೆ. ಕೊನೆಗೆ ಅದು ಸೇಡು ತೀರಿಸಿಕೊಂಡರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಅಂದರೆ ಆ ಮಗು ಹೇಳಿದ್ದನ್ನು ಯಾರಾದರೂ ಕೇಳಬೇಕಾದರೆ ಅದು ಮೊದಲು ಸಾಯಬೇಕು! ಇನ್ನೊಂದು ಜಾತಿಯ ಕಥೆ ಇದೆ, ಏಟು ತಿಂದ ಮಗು ಬೆಳೆದು ಕೊಲೆಗಾರನಾಗುವುದು. ಅದನ್ನು ಓದಿದರೆ ನನಗೆ ಸಿಟ್ಟೇ ಬರುತ್ತದೆ. ಪಕ್ಕದ ಮನೆಯ ಹುಡುಗ ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ್ದ. ಮಗಳ ಎಲೆಗೆ ಹೋಳಿಗೆ ಹಾಕಿಸಿ, ತುಪ್ಪ ಸಾಕಾ ಅಂತ ಕೇಳುತ್ತಿದ್ದ.

ಈಗ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸೆ ಕೊಟ್ಟರೆ, ಬೇಕಂತಲೇ ಕಡೆಗಣಿಸಿದರೆ 3 ವರ್ಷದವರೆಗೆ ಜೈಲಾಗಬಹುದು. ಎಲ್ಲಾ ಸರಿ. ಆದರೆ ಪಕ್ಕದ ಮನೆಯವನು ಟೀವಿ ಹತ್ತಿರ ಎದ್ದು ಹೋಗುತ್ತಿದ್ದರೆ ಫೋನ್ ಮಾಡುವವರು ಯಾರು?

ಅದಕ್ಕೇ ಆ ಕಥೆ ಬರೆದೆ. ಅದರಲ್ಲಿ ಹುಣಸೆಮರವೂ ಇಲ್ಲ, ಗೆಜ್ಜೆಯೂ ಇಲ್ಲ. ಹುಡುಗ ಕಟ್ಟೆ ಮೇಲೆ ಕೂತು, ಬಾಗಿಲ ಮುಂದೆ ಯಾರ ಚಪ್ಪಲಿ ಇದೆ ಅಂತ ನೋಡುತ್ತಾನೆ. ಅಷ್ಟಕ್ಕೇ ನಿಲ್ಲಿಸಿದ್ದೇನೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಗೆಳೆಯನ ಮೆಸೇಜ್ ಬಂತು: "ಆ ಹುಡುಗ ಒಳಗೆ ಹೋದ್ನಾ ಇಲ್ವಾ, ಅದನ್ನಾದ್ರೂ ಹೇಳೋ."