ನಾಯಿಗೆ ಎಂತ ಹರಕೆ ಇತ್ತು ತಮಾ?

ಹಿಮದ ಮೇಲೆ ಟೆಂಟು, ಟೆಂಟಿನ ಬಾಯಲ್ಲಿ ಹಸ್ಕಿ ನಾಯಿ, ಅದರ ಕೊರಳಲ್ಲಿ ಕೆಂಪು ಬೋ ಟೈ. ಈ ವಿಡಿಯೋ ನಿಮಗೂ ಬಂದಿರುತ್ತದೆ, ಇದಲ್ಲದಿದ್ದರೆ ಇಂಥದ್ದೇ ಇನ್ನೊಂದು. ನನಗೆ ಬಂದದ್ದರಲ್ಲಿ ನಾಯಿಯನ್ನು ತಬ್ಬಿ ಕೂತವನು ನಮ್ಮ ಅಣ್ಣನ ಮಗನೇ. ಬೆಂಗಳೂರಲ್ಲಿ ಕೆಲಸ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದು ಬೆಡ್‌ರೂಮು, ಎಸಿ ಸಮೇತ, ನಾಯಿಗೆ. ಕೆಳಗೆ ಬರೆದುಕೊಂಡಿದ್ದ: ‘ಅಂತೂ ಮಗನನ್ನು ಅವನ ಊರಿಗೆ ಕರೆತಂದೆ.’

ಹಸ್ಕಿಯ ಊರು ಸೈಬೀರಿಯಾ ಕಣೋ, ಹಿಮಾಚಲ ಅಲ್ಲ. ಹಿಮ ಬಿದ್ದಲ್ಲೆಲ್ಲ ಅದರ ತವರು ಅನ್ನುವುದಾದರೆ ಅಡಿಕೆ ಬೆಳೆಯುವ ಊರೆಲ್ಲ ನನ್ನ ತವರೇ ಆಯಿತು. ಅಸ್ಸಾಮಿಗೆ ಹೋಗಿ ಯಾರದೋ ಜಗಲಿ ಮೇಲೆ ಕೂತು ಕವಳ ಕೇಳಲೇ?

ಸಿರ್ಸಿ ಮನೆಯಲ್ಲಿ ಆಯಿ ವಿಡಿಯೋವನ್ನು ಎರಡು ಸಲ ನೋಡಿದಳು. “ನಾಯಿಗೆ ಅಲ್ಲಿ ಎಂತ ಹರಕೆ ಇತ್ತು ತಮಾ?”

ನಗಬೇಡಿ. 2022ರಲ್ಲಿ ಒಬ್ಬ ಪುಣ್ಯಾತ್ಮ ಹಸ್ಕಿಯನ್ನು ಕೇದಾರನಾಥಕ್ಕೇ ಕರೆದೊಯ್ದು, ನಂದಿಗೆ ಅದರ ಮುಂಗಾಲು ಮುಟ್ಟಿಸಿ, ದೊಡ್ಡ ಗಲಾಟೆಯೇ ಆಗಿತ್ತಲ್ಲ.

ತಯಾರಿ ಮಾತ್ರ ಮೆಚ್ಚಬೇಕು. ದೇವರೇ ಎರಡು ಪದರ ತುಪ್ಪಳ ಹೊದೆಸಿ ಕಳಿಸಿದ ಪ್ರಾಣಿಗೆ ಮೇಲಿಂದ ಜಾಕೆಟ್ಟು, ನಾಲ್ಕು ಬೂಟು, ಸ್ಲೀಪಿಂಗ್ ಬ್ಯಾಗು. ರೈಲಿನಲ್ಲಿ ಫಸ್ಟ್ ಎಸಿಯ ಇಡೀ ಕೂಪೆ. ಸಿರ್ಸಿಯ ಮನುಷ್ಯನಿಗೆ ಊರಲ್ಲಿ ರೈಲೇ ಇಲ್ಲ, ಆ ಮಾತು ಬೇಡ ಬಿಡಿ. 3,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಾರವಾರದ ಕಡಲತಡಿಯಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ. ಮನುಷ್ಯನಾದರೆ ತಲೆ ಸಿಡಿಯುತ್ತಿದೆ ಅನ್ನುತ್ತಾನೆ. ನಾಯಿ ಸುಮ್ನೆ ಊಟ ಬಿಟ್ಟು ಮೂಲೆ ಸೇರುತ್ತದೆ. ಅದು ಹಾಗೆ ಮುದುಡಿ ಮಲಗಿದ ಫೋಟೋಗೆ ಇವನು ‘ಧ್ಯಾನ’ ಅಂತ ಹೆಸರಿಟ್ಟಿದ್ದಾನೆ.

ಅಲ್ಲಿನ ಗದ್ದಿ ಕುರಿಗಾಹಿಗಳ ನಾಯಿಗೂ ಕೊರಳಪಟ್ಟಿ ಇರುತ್ತದೆ. ಕಬ್ಬಿಣದ್ದು, ಸುತ್ತ ಮುಳ್ಳು. ಚಿರತೆ ಬಾಯಿ ಹಾಕುವುದು ಕುತ್ತಿಗೆಗೇ ಅಲ್ವಾ? ಘಟ್ಟದ ಮೇಲಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಮ್ಮ ಕಾಳನ ಹಿಂದಿನ ಕಾಳ, ಅವನಿಗೂ ಹಿಂದಿನವ, ಇಬ್ಬರನ್ನೂ ಅಂಗಳದಿಂದಲೇ ಎತ್ತಿಕೊಂಡು ಹೋಗಿದೆ. ಈಗಿನವ ಕತ್ತಲಾಗುತ್ತಿದ್ದಂತೆ ಬಚ್ಚಲೊಲೆಯ ಮುಂದಿನ ಬೆಚ್ಚಗಿನ ಬೂದಿಯಲ್ಲಿ ಗುಂಡಿ ತೋಡಿ, ಮೂತಿಯನ್ನು ಬಾಲದೊಳಗೆ ಹುಗಿದು ಮಲಗುತ್ತಾನೆ. ಬೆಳಿಗ್ಗೆ ಎದ್ದು ಮೈ ಕೊಡವಿದರೆ ಅರ್ಧ ಒಲೆ ಅಂಗಳದಲ್ಲಿ. ರಾತ್ರಿ ಕಾಳ, ಬೆಳಿಗ್ಗೆ ಬಿಳಿಯ. ಅದೇ ಅವನ ಕ್ಯಾಂಪಿಂಗು.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟೆಲ್ಲ ಹೋದಲ್ಲೆಲ್ಲ ಕಸ ಚೆಲ್ಲಿ ಬರುವ ಮನುಷ್ಯರ ಮೇಲೆ. ಲಡಾಖಿನಲ್ಲಿ ಕ್ಯಾಂಪಿನವರು, ಹೋಟೆಲಿನವರು ಚೆಲ್ಲಿದ್ದನ್ನು ತಿಂದು ಬೀದಿನಾಯಿಗಳು ವಿಪರೀತ ಹೆಚ್ಚಿವೆ. ಕಪ್ಪು ಕತ್ತಿನ ಕೊಕ್ಕರೆಯ ಮೊಟ್ಟೆ, ಮರಿ ಬಿಡುವುದಿಲ್ಲ, ಹಿಮಚಿರತೆಯನ್ನೂ ಅಟ್ಟುತ್ತವೆ. ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ಟೆಂಟು ಹಾಕಬೇಡಿ ಅಂತ 2018ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಇಂಥವರೇ ಯಾಣಕ್ಕೆ, ವಿಭೂತಿ ಜಲಪಾತಕ್ಕೂ ಬರುತ್ತಾರೆ. ಪ್ರಕೃತಿ ಅಂದರೆ ಪ್ರಾಣ ಅನ್ನುತ್ತಾರೆ. ಬಾಟಲಿ, ಡೈಪರು ಬಿಟ್ಟು ಹೋಗುತ್ತಾರೆ. ಹೆಕ್ಕಿ ಹೆಕ್ಕಿ ಸಾಕಾಗಿದೆ ನಮಗೆ. ಹೋದ ವರ್ಷ ಒಡೆದ ಬಿಯರ್ ಬಾಟಲಿಯ ಚೂರು ಹೊಕ್ಕು ಕಾಳನ ಕಾಲು ಮೂರು ವಾರ ಕೀವು ಸೋರುತ್ತಿತ್ತು. ಅವನಿಗೆ ಬೂಟಿರಲಿಲ್ಲ.

ಮೇ ತಿಂಗಳಲ್ಲಿ ‘ಮಗ’ನನ್ನು ಕರೆದುಕೊಂಡು ಊರಿಗೆ ಬರುತ್ತಾನಂತೆ. “ಚಿಕ್ಕಪ್ಪ, ಮನೆಗೆ ಎಸಿ ಹಾಕಿಸಿದ್ರಾ?” ಅಂತ ಮೊನ್ನೆ ಫೋನು. ಒಳಗಿಂದ ಆಯಿಯೇ ಕೂಗಿದಳು, “ಬಚ್ಚಲೊಲೆ ಇದ್ದು ಹೇಳು. ಕಾಳನ ಹತ್ರ ಒಂದ್ ಮಾತು ಕೇಳವು.”